ಸುರಂಗ ಕೊರೆದರೆ ಬೆಟ್ಟದ ಮೇಲಿನ ಮರ ಒಣಗುತ್ತದಾ?

ಪ್ರಶ್ನೆ: ನಾನು ಚಿಕ್ಕಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೈಸ್ಕೂಲ್ ಮೇಷ್ಟ್ರು. ಮಳೆಗಾಲದಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ರೈಲಿನಲ್ಲಿ ಹೋಗಿದ್ದೆವು. ಅಷ್ಟೊಂದು ಸುರಂಗ, ಆದರೂ ಮೇಲೆಲ್ಲ ಕಾಡು ದಟ್ಟವಾಗಿತ್ತು. ಮರ ಕಡಿದು ರಸ್ತೆ ಮಾಡುವುದಕ್ಕಿಂತ ಸುರಂಗವೇ ವಾಸಿ ಅಂತ ಕೆಲವರು ಹೇಳುತ್ತಾರೆ. ಸುರಂಗ ಕೊರೆದರೆ ಬೆಟ್ಟದ ನೀರೆಲ್ಲ ಸೋರಿ ಹೋಗಿ ಗಿಡಮರ ಒಣಗುತ್ತವೆ ಅಂತ ಇನ್ನು ಕೆಲವರು. ಯಾವುದು ನಿಜ? ನಾಳೆ ನಮ್ಮ ನಂದಿಬೆಟ್ಟದ ಸಾಲಿನ ಕೆಳಗೆ ಯಾರಾದರೂ ಸುರಂಗ ಕೊರೆದರೆ ಏನಾಗುತ್ತದೆ? ಕೇಳಿದ್ದು ಒಂಬತ್ತನೇ ಕ್ಲಾಸಿನ ಮಕ್ಕಳು. ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ: ಮೇಷ್ಟ್ರೇ, ಸುರಂಗ ಆಮೇಲೆ ಇರಲಿ. ಮೊದಲು ಬೋರ್‌ವೆಲ್ ಬಗ್ಗೆ ಮಾತಾಡೋಣ. ಅದು ನಿಮಗೂ ಗೊತ್ತು, ನಿಮ್ಮ ಮಕ್ಕಳಿಗೂ ಗೊತ್ತು.

ನಾನು ತುಮಕೂರಿನ ಕಡೆ ಅಂತರ್ಜಲದ ಕೆಲಸದಲ್ಲೇ ಕೂದಲು ನರೆಸಿಕೊಂಡವನು. ಬೋರ್ ಕೊರೆಯುವಾಗ ಮೊದಲು ಮಣ್ಣು ಬರುತ್ತದೆ, ಆಮೇಲೆ ಗರಸು, ಆಮೇಲೆ ಕೈಯಲ್ಲಿ ಪುಡಿಯಾಗುವ ಕೊಳೆತ ಕಲ್ಲು. ಅದರ ಕೆಳಗೆ ಗಟ್ಟಿ ಬಂಡೆ. ನಮ್ಮ ಕಡೆಯ ಈ ಗ್ರಾನೈಟಿಗೆ, ನೈಸ್ ಅನ್ನುವ ಪಟ್ಟೆಪಟ್ಟೆ ಕಲ್ಲಿಗೆ ಸ್ಪಂಜಿನ ಗುಣ ಇಲ್ಲ. ಕಲ್ಲಿನೊಳಗೆ ನೀರು ಇರುವುದಿಲ್ಲ, ಕಲ್ಲಿನ ಬಿರುಕಿನಲ್ಲಿ ಇರುತ್ತದೆ. ಅದಕ್ಕೇ ಒಬ್ಬನ ಬೋರಿನಲ್ಲಿ ಮೂರು ಇಂಚು ನೀರು ಬಂದರೆ, ಇಪ್ಪತ್ತು ಅಡಿ ಆಚೆ ಇನ್ನೊಬ್ಬನ ಬೋರಿನಲ್ಲಿ ಬರೀ ಧೂಳು. ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರ ಹೊಟ್ಟೆ ತುಂಬುವುದೂ ಇದರಿಂದಲೇ.

ಈಗ ಆ ಬೋರ್‌ವೆಲ್ಲನ್ನು ಮಲಗಿಸಿ. ಆರು ಇಂಚಿನ ತೂತನ್ನು ಹತ್ತು ಮೀಟರ್ ಅಗಲ ಮಾಡಿ, ಬೆಟ್ಟದ ಈ ಕಡೆಯಿಂದ ಆ ಕಡೆಗೆ ತೂರಿಸಿ. ಅದೇ ಸುರಂಗ. ನಿಂತ ಬೋರಿಗೆ ಬಿರುಕು ತಪ್ಪಿಹೋಗಬಹುದು. ಮಲಗಿದ ಸುರಂಗ ದಾರಿಯಲ್ಲಿ ಸಿಗುವ ಪ್ರತಿಯೊಂದು ಬಿರುಕನ್ನೂ ಕತ್ತರಿಸಿಕೊಂಡೇ ಹೋಗುತ್ತದೆ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಬೋರಿಗೆ ಮೋಟರ್ ಬೇಕು, ಕರೆಂಟ್ ಬೇಕು. ತ್ರೀ ಫೇಸ್ ಹೋದ ಕೂಡಲೇ ನೀರೆತ್ತುವುದು ನಿಲ್ಲುತ್ತದೆ. ಸುರಂಗಕ್ಕೆ ಯಾವುದೂ ಬೇಡ. ಬೆಟ್ಟದ ನೀರು ತಾನೇ ಇಳಿದು ಬರುತ್ತದೆ, ಹಗಲೂ ರಾತ್ರಿ, ವರ್ಷಗಟ್ಟಲೆ.

ಎಷ್ಟು ನೀರು ಬರಬಹುದು? ಉತ್ತರಾಖಂಡದ ತಪೋವನ–ವಿಷ್ಣುಗಾಡ್ ಜಲವಿದ್ಯುತ್ ಯೋಜನೆಯ ಸುರಂಗದಲ್ಲಿ 2009ರ ಡಿಸೆಂಬರ್ 24ರಂದು ಕೊರೆಯುವ ಯಂತ್ರ ನೀರು ತುಂಬಿದ ಬಿರುಕಿಗೆ ಬಾಯಿ ಹಾಕಿತು. ಸೆಕೆಂಡಿಗೆ ಸುಮಾರು 700ರಿಂದ 800 ಲೀಟರ್ ನೀರು ನುಗ್ಗಿತು. ದಿನಕ್ಕೆ ಆರೇಳು ಕೋಟಿ ಲೀಟರ್ ಅಂದ ಹಾಗೆ. ನಮ್ಮ ಬೀದಿಗೆ ಬರುವ 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ ಹತ್ತು ಸಾವಿರ ಟ್ಯಾಂಕರಿಗಿಂತ ಜಾಸ್ತಿ. ಅದು ಜೋಶಿಮಠದ ಹತ್ತಿರದ ಜಾಗ. 2023ರ ಜನವರಿಯಲ್ಲಿ ಆ ಊರಿನ ಮನೆಗಳು ಬಿರುಕು ಬಿಟ್ಟಾಗ ಈ ಹಳೇ ಕಥೆ ಮತ್ತೆ ಎದ್ದಿತು. ಎರಡಕ್ಕೂ ನಂಟಿದೆ ಎನ್ನುವವರೂ ಇದ್ದಾರೆ, ಇಲ್ಲ ಎನ್ನುವವರೂ ಇದ್ದಾರೆ. ಆ ಜಗಳ ಇಲ್ಲಿ ಬೇಡ.

ಹಾಗಾದರೆ ಮೇಲಿನ ಮರ ಒಣಗುತ್ತದಾ? ಎಲ್ಲರೂ ಎಡವುವುದು ಇಲ್ಲೇ.

ಬೆಟ್ಟದಲ್ಲಿ ನೀರು ಎರಡು ಕಡೆ ಇರುತ್ತದೆ. ಒಂದು, ಮೇಲಿನ ಮಣ್ಣು ಮತ್ತು ಕೊಳೆತ ಕಲ್ಲಿನಲ್ಲಿ ಹಿಡಿದಿಟ್ಟ ನೀರು. ಮಳೆ ಬಂದಾಗ ತುಂಬುತ್ತದೆ, ಬೇಸಿಗೆಯಲ್ಲಿ ಕರಗುತ್ತದೆ. ಇನ್ನೊಂದು, ಕೆಳಗಿನ ಬಂಡೆಯ ಬಿರುಕುಗಳಲ್ಲಿ ಇರುವ ನೀರು. ಇಳಿಜಾರಿನ ಹೆಚ್ಚಿನ ಮರಗಳು ಕುಡಿಯುವುದು ಮೊದಲನೆಯದನ್ನು. ನಮ್ಮ ಕುರುಚಲು ಕಾಡಿನ ಕಮರ, ದಿಂಡಿಗ, ತುಗ್ಗಲಿ, ಬಂದರಿಕೆ, ಕಾರೆ ಇವೆಲ್ಲ ಬರಗಾಲದಲ್ಲೇ ಹುಟ್ಟಿ ಬೆಳೆದ ಜಾತಿ. ನಾನೂರು ಅಡಿ ಕೆಳಗೆ ಒಂದು ಬಿರುಕು ಬತ್ತಿತು ಅಂತ ಅವು ನಾಳೆ ಬೆಳಗ್ಗೆ ಎಲೆ ಉದುರಿಸುವುದಿಲ್ಲ. "ಸುರಂಗ ಕೊರೆದ ಮರುವರ್ಷವೇ ಬೆಟ್ಟ ಬೋಳಾಯಿತು" ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಆದರೆ ಈ ಎರಡು ನೀರು ಸೇರುವ ಜಾಗಗಳು ಇರುತ್ತವೆ. ಚಿಲುಮೆ, ದೊಣೆ, ಬಂಡೆಯ ಮೇಲೆ ವರ್ಷಪೂರ್ತಿ ಜಿನುಗುವ ತೇವ, ಕೊರಕಲಿನ ತಳದ ಹಳ್ಳ. ದೇವರಾಯನದುರ್ಗದ ನಾಮದ ಚಿಲುಮೆ ಅಂಥದ್ದು. ರಾಮ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಾಣ ಬಿಟ್ಟ, ಬಂಡೆಯಿಂದ ನೀರು ಚಿಮ್ಮಿತು ಅಂತ ಕಥೆ. ಕಥೆ ಹೇಳಿದವರಿಗೆ ಭೂವಿಜ್ಞಾನ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ. ಬಂಡೆ ಸೀಳಿದರೆ ತಾನೇ ನೀರು? ಕೋಲಾರದ ಶತಶೃಂಗ ಬೆಟ್ಟದ ಅಂತರಗಂಗೆಯಲ್ಲಿ ಕಲ್ಲು ಬಸವನ ಬಾಯಿಂದ ಬರುವುದೂ ಇಂಥ ಬಿರುಕಿನ ನೀರೇ. ಇಂಥ ಜಾಗದ ಸುತ್ತ ಬೆಳೆಯುವ ಅತ್ತಿ, ನೇರಳೆ, ಹೊಳೆಮತ್ತಿಯ ಬೇರು, ಜರೀಗಿಡ, ಪಾಚಿ, ಒದ್ದೆ ಬಂಡೆಯ ಮೇಲೆ ಮಾತ್ರ ಬದುಕುವ ಹುಳ ತಿನ್ನುವ ಪುಟ್ಟ ಗಿಡಗಳು, ಕಪ್ಪೆ, ಏಡಿ, ಎಲ್ಲವೂ ಆ ಒಂದು ಬಿರುಕನ್ನು ನಂಬಿಕೊಂಡಿವೆ. ಬೆಟ್ಟದ ಒಟ್ಟು ಜಾಗದಲ್ಲಿ ಇದು ನೂರಕ್ಕೆ ಒಂದು ಪಾಲೂ ಇರಲಿಕ್ಕಿಲ್ಲ. ಆದರೆ ಏಪ್ರಿಲ್ ತಿಂಗಳಲ್ಲಿ ಕರಡಿ, ಚಿರತೆ, ನವಿಲು ಎಲ್ಲವೂ ಬಂದು ನಿಲ್ಲುವುದು ಅಲ್ಲೇ. ಅದು ಬತ್ತಿದರೆ ಕರಡಿ ಸಾಯುವುದಿಲ್ಲ, ನಿಮ್ಮ ಊರಿನ ದನದ ತೊಟ್ಟಿಗೆ ಬರುತ್ತದೆ. ಆಮೇಲಿನ ಗಲಾಟೆ ನಿಮಗೆ ಗೊತ್ತಲ್ವಾ.

ಮರಗಳ ವಿಷಯದಲ್ಲಿ ಪೆಟ್ಟು ಕಾಣುವುದು ನಿಧಾನ. ಹಳೇ ಮರ ತಡೆದುಕೊಳ್ಳುತ್ತದೆ. ಅದರ ಕೆಳಗೆ ಹುಟ್ಟಿದ ಸಸಿ ಮೊದಲ ಎರಡು ಬೇಸಿಗೆ ದಾಟುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಕಾಡು ಹಸಿರಾಗೇ ಇರುತ್ತದೆ. ಸಾಲಾಗಿ ಎರಡು ಮೂರು ವರ್ಷ ಬರ ಬಿದ್ದಾಗ ಮಾತ್ರ ಗೊತ್ತಾಗುತ್ತದೆ, ಮೊದಲಿದ್ದ ದಾಸ್ತಾನು ಈಗಿಲ್ಲ ಅಂತ. ಅಷ್ಟು ಹೊತ್ತಿಗೆ ಕಂಟ್ರಾಕ್ಟರ್ ಬಿಲ್ ಪಾಸಾಗಿ ಹತ್ತು ವರ್ಷ ಆಗಿರುತ್ತದೆ.

ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಮಧುಗಿರಿ, ಕೊರಟಗೆರೆ, ಪಾವಗಡದ ಕಡೆ ತಲಪರಿಗೆ ಅಂತ ಇದ್ದವು. ನೆಲದಿಂದ ತಾನೇ ಉಕ್ಕುವ ನೀರು. ಅದನ್ನು ಕಾಲುವೆ ಮಾಡಿ ಹೊಲಕ್ಕೆ ಹಾಯಿಸುತ್ತಿದ್ದರು, ಸರದಿ ಪ್ರಕಾರ. ಬೋರ್‌ವೆಲ್‌ಗಳು ಇಳಿಯುತ್ತಾ ಹೋದ ಹಾಗೆ ತಲಪರಿಗೆಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಧುಗಿರಿ ಹತ್ತಿರ ಒಂದರಲ್ಲಿ ಕಾಲು ತೊಳೆದುಕೊಂಡಿದ್ದೆ. ಇಪ್ಪತ್ತು ವರ್ಷ ಬಿಟ್ಟು ಹೋದಾಗ ಅಲ್ಲಿ ಮರಳಿತ್ತು. ಪಕ್ಕದ ಹೊಂಗೆಮರ ಹಾಗೇ ಇತ್ತು, ಕೇದಿಗೆ ಮೆಳೆ ಪೂರ್ತಿ ಹೋಗಿತ್ತು. ನೀರಿನ ಮಟ್ಟ ಇಳಿದರೆ ಯಾವ ಗಿಡ ಹೋಗುತ್ತದೆ, ಯಾವುದು ಉಳಿಯುತ್ತದೆ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಪಾಠ ಸಿಕ್ಕಿಲ್ಲ. ಅಲ್ಲಿ ಸುರಂಗ ಇರಲಿಲ್ಲ. ನಿಂತ ಸುರಂಗಗಳು ಸಾವಿರಾರು ಇದ್ದವು, ಅಷ್ಟೇ.

ಈಗ ನಿಮ್ಮ ರೈಲು. ಸಕಲೇಶಪುರ–ಸುಬ್ರಹ್ಮಣ್ಯ ಮಾರ್ಗದಲ್ಲಿ 57 ಸುರಂಗಗಳಿವೆ, ಲೈನು ಮುಗಿದದ್ದು 1979ರಲ್ಲಿ. ಮೇಲಿನ ಕಾಡು ಹಾಗೇ ಇರುವುದಕ್ಕೆ ಕಾರಣ ಇದೆ. ಅಲ್ಲಿ ಬೀಳುವ ಮಳೆ ನಮ್ಮದರ ಐದಾರು ಪಟ್ಟು. ನಮಗೆ ಒಳ್ಳೆಯ ವರ್ಷದಲ್ಲಿ 700–750 ಮಿಲಿಮೀಟರ್ ಆದರೆ ಹೆಚ್ಚು. ಅಲ್ಲಿಯ ಸುರಂಗಗಳೂ ಗಿಡ್ಡ. ಬೆಟ್ಟದ ಹೊಟ್ಟೆ ಸೀಳಿಕೊಂಡು ಹೋಗುವುದಿಲ್ಲ, ಭುಜ ಸವರಿಕೊಂಡು ಹೋಗುತ್ತವೆ. ಸೋರುವ ನೀರಿಗಿಂತ ಸುರಿಯುವ ನೀರು ಜಾಸ್ತಿ. ಅಲ್ಲಿ ಪೆಟ್ಟು ಬಿದ್ದದ್ದು ಸುರಂಗದ ಮೇಲೆ ಅಲ್ಲ, ಎರಡು ಸುರಂಗಗಳ ನಡುವೆ ಇಳಿಜಾರು ಕಡಿದ ಕಡೆ. 2024ರ ಜುಲೈ ಕೊನೆಯಲ್ಲಿ ಯಡಕುಮೇರಿ–ಕಡಗರವಳ್ಳಿ ನಡುವೆ ಹಳಿ ಕೆಳಗಿನ ಮಣ್ಣು ಜಾರಿ ರೈಲು ನಿಂತದ್ದು ನೆನಪಿರಬೇಕು.

ಆದ್ದರಿಂದ ನನ್ನ ಅಭಿಪ್ರಾಯ ಹೀಗೆ. ಮಲೆನಾಡಿನಲ್ಲಿ ಸುರಂಗದ ಅಪಾಯ ಅದರ ಬಾಯಲ್ಲಿದೆ, ಇಳಿಜಾರಿನಲ್ಲಿದೆ. ನಮ್ಮ ಬಯಲುಸೀಮೆಯ ಬೆಟ್ಟಗಳಲ್ಲಿ ಅಪಾಯ ನೀರಿನಲ್ಲಿದೆ. ಅಲ್ಲಿ ನೋಡಿದ್ದನ್ನು ತಂದು ಇಲ್ಲಿಗೆ ಹೊಂದಿಸಬಾರದು.

ಹೊರದೇಶದಲ್ಲಿ ಇದರ ಲೆಕ್ಕ ಚೆನ್ನಾಗಿ ಇಟ್ಟಿದ್ದಾರೆ. ನಾರ್ವೆಯ ಓಸ್ಲೋ ಹತ್ತಿರ ರೊಮೆರಿಕ್ಸ್‌ಪೋರ್ಟೆನ್ ಅಂತ 14.5 ಕಿಲೋಮೀಟರ್ ರೈಲು ಸುರಂಗ ಇದೆ. 1990ರ ದಶಕದಲ್ಲಿ ಕೊರೆಯುವಾಗ ಮೇಲಿನ ಕಾಡಿನೊಳಗಿನ ಪುಟ್‌ಯೆರ್ನ್ ಅನ್ನುವ ಸಣ್ಣ ಕೆರೆಯ ನೀರು ತಳಕಂಡಿತು. ಅದರ ಸುತ್ತಲ ಜೌಗು ನೆಲ ಕುಸಿಯಿತು. ಸೋರಿಕೆ ಮುಚ್ಚಿದ ಮೇಲೆ ಕೆರೆ ಮತ್ತೆ ತುಂಬಿತು, ಸುರಂಗ 1999ರಲ್ಲಿ ಶುರುವಾಯಿತು. ಗಮನಿಸಿ, ಅಲ್ಲೂ ಸುತ್ತಲ ದೊಡ್ಡ ಮರಗಳಿಗಿಂತ ಮೊದಲು ನರಳಿದ್ದು ಕೆರೆ ಮತ್ತು ಜೌಗು. ಸ್ವೀಡನ್ನಿನ ಹಾಲಂಡ್ಸೋಸ್ ಬೆಟ್ಟದ್ದು ಇನ್ನೂ ಫಜೀತಿ. 1992ರಲ್ಲಿ ಶುರುವಾದ 8.7 ಕಿಲೋಮೀಟರ್ ಸುರಂಗ ಮುಗಿದದ್ದು 2015ರಲ್ಲಿ. ನೀರು ತಡೆಯಲು ಅಕ್ರಿಲಮೈಡ್ ಇದ್ದ ರಾಸಾಯನಿಕ ಬಿರುಕಿಗೆ ಒತ್ತಿದರು. 1997ರಲ್ಲಿ ಅದು ಹಳ್ಳಕ್ಕೆ ಸೇರಿ ಮೀನು ಸತ್ತವು, ಹಸುಗಳ ಕಾಲು ಸ್ವಾಧೀನ ತಪ್ಪಿದವು. ರೋಗಕ್ಕಿಂತ ಮದ್ದೇ ಕೆಟ್ಟದ್ದಾಯಿತು.

ಇಟಲಿಯ ಗ್ರಾನ್ ಸಾಸ್ಸೊ ಬೆಟ್ಟದಲ್ಲಿ ಹತ್ತು ಕಿಲೋಮೀಟರ್ ಹೆದ್ದಾರಿ ಸುರಂಗ ಕೊರೆದಾಗ ಬೆಟ್ಟದೊಳಗಿನ ನೀರಿನ ಮಟ್ಟ ಸುಮಾರು 600 ಮೀಟರ್ ಇಳಿಯಿತು. ನಂದಿಬೆಟ್ಟದ ತುದಿಯಿಂದ ಚಿಕ್ಕಬಳ್ಳಾಪುರ ಪೇಟೆಗೆ ಇರುವ ಎತ್ತರಕ್ಕಿಂತ ಜಾಸ್ತಿ ಅದು. ಆದರೆ ಅದು ಸುಣ್ಣದ ಕಲ್ಲಿನ ಬೆಟ್ಟ. ಸುಣ್ಣದ ಕಲ್ಲು ನೀರಲ್ಲಿ ಕರಗಿ ಒಳಗೊಳಗೇ ಕೊಳವೆಗಳಾಗಿರುತ್ತವೆ. ಚೀನಾದ ಚೋಂಗ್‌ಚಿಂಗ್ ಸುತ್ತಲ ಸುರಂಗಗಳ ಮೇಲೂ ಚಿಲುಮೆ, ಹೊಂಡಗಳು ಬತ್ತಿದ್ದು ಇದೇ ಕಾರಣಕ್ಕೆ. ನಮ್ಮದು ಆ ಕಲ್ಲಲ್ಲ, ಅಷ್ಟರ ಮಟ್ಟಿಗೆ ಪುಣ್ಯ. ಅಂದಹಾಗೆ ಗ್ರಾನ್ ಸಾಸ್ಸೊ ಸುರಂಗದ ಪಕ್ಕದಲ್ಲಿ ದೊಡ್ಡ ಭೌತವಿಜ್ಞಾನ ಪ್ರಯೋಗಾಲಯ ಇದೆ. ಅದಕ್ಕೂ ಮೊದಲು, 1965ರಲ್ಲೇ, ಆಕಾಶದಿಂದ ಬರುವ ನ್ಯೂಟ್ರಿನೊ ಕಣಗಳನ್ನು ನಮ್ಮ ಕೆಜಿಎಫ್ ಗಣಿಯೊಳಗೆ ಹಿಡಿದಿದ್ದರು. ಮಕ್ಕಳಿಗೆ ಹೇಳಿ, ಖುಷಿಯಾಗುತ್ತದೆ.

ಕೆಜಿಎಫ್ ಎಂದ ಮೇಲೆ ಇನ್ನೊಂದು ಮಾತು. ಅಲ್ಲಿಯ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಆದರೆ ಗಣಿ ಮುಚ್ಚಿದ 2001ರ ನಂತರವೂ ಊರನ್ನು ಕಾಡುತ್ತಿರುವುದು ಆಳದ ತೂತಲ್ಲ, ತೂತಿನಿಂದ ಹೊರಗೆ ಬಂದದ್ದು. ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಕಲ್ಲುಪುಡಿಯ ಸೈನೈಡ್ ದಿಬ್ಬಗಳನ್ನು ನೋಡಿದ್ದೀರಲ್ಲ? ಬೇಸಿಗೆಯ ಗಾಳಿಗೆ ಬಿಳಿ ಧೂಳು ಏಳುತ್ತದೆ, ಗಿಡ ಹಿಡಿಯುವುದು ಕಷ್ಟ. ಸುರಂಗದ ಕಲ್ಲುಪುಡಿಗೆ ಸೈನೈಡ್ ಹಾಕುವುದಿಲ್ಲ ನಿಜ. ಆದರೂ ಅದು ಮಣ್ಣಲ್ಲ. ಅದರಲ್ಲಿ ಕೊಳೆತ ಎಲೆ ಇಲ್ಲ, ಬೀಜ ಇಲ್ಲ, ಜೀವ ಇಲ್ಲ. ಮೊದಲು ಬರುವುದು ಪಾರ್ಥೇನಿಯಂ, ಆಮೇಲೆ ಲಂಟಾನ.

ಎಷ್ಟು ಕಲ್ಲು ಅನ್ನುವುದಕ್ಕೆ ಕ್ಲಾಸಿನಲ್ಲಿ ಒಂದು ಲೆಕ್ಕ ಮಾಡಿಸಿ. ಹತ್ತು ಮೀಟರ್ ವ್ಯಾಸದ ಸುರಂಗ, ಒಂದು ಕಿಲೋಮೀಟರ್ ಉದ್ದ. ಸುಮಾರು 78,500 ಘನ ಮೀಟರ್ ಬಂಡೆ. ಒಡೆದ ಕಲ್ಲು ಉಬ್ಬುತ್ತದೆ, ಒಂದೂವರೆ ಪಟ್ಟು ಅನ್ನಿ. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರಿನಲ್ಲಿ ಹೆಚ್ಚುಕಡಿಮೆ 11,800 ಲೋಡ್. ಒಂದು ಕಿಲೋಮೀಟರಿಗೆ ಇಷ್ಟು. ಜೋಡಿ ಸುರಂಗ ಆದರೆ ಎರಡರಷ್ಟು. ಇದೆಲ್ಲ ಎಲ್ಲಿಗೆ ಹೋಗುತ್ತದೆ? ಕಾಗದದಲ್ಲಿ ಒಂದು ಜಾಗ ತೋರಿಸಿರುತ್ತಾರೆ. ಡೀಸೆಲ್ ಉಳಿಸಲು ರಾತ್ರಿ ಪಕ್ಕದ ಕೊರಕಲಿಗೆ ಸುರಿದದ್ದನ್ನು ನಾನೇ ನೋಡಿದ್ದೇನೆ, ಬೇರೆ ರಾಜ್ಯದ ಒಂದು ಕಾಮಗಾರಿಯಲ್ಲಿ. ಕೊರಕಲು ಅಂದರೆ ಬೆಟ್ಟದ ಅತ್ಯಂತ ತಂಪು ಜಾಗ, ಅತ್ಯಂತ ಹಳೇ ಮರಗಳ ಜಾಗ. ಒಂದು ಮಳೆಗೆ ಆ ಪುಡಿ ಕೆಳಗಿನ ಕೆರೆಯ ತೂಬು ಕಟ್ಟುತ್ತದೆ.

ಇದರ ಜೊತೆಗೆ ಸುರಂಗದ ಬಾಯಿಗೆ ಹೋಗುವ ರಸ್ತೆ, ಉದ್ದದ ಸುರಂಗವಾದರೆ ನಡುವೆ ಇಳಿಯಲು ಅಡ್ಡ ಸುರಂಗ, ಅದಕ್ಕೊಂದು ರಸ್ತೆ, ಕಾಂಕ್ರೀಟ್ ಕಲಸುವ ಬ್ಯಾಚಿಂಗ್ ಪ್ಲಾಂಟು, ಕೂಲಿಕಾರರ ಶೆಡ್ಡು, ಸಿಡಿಮದ್ದಿನ ಗೋದಾಮು. ಸಿಮೆಂಟ್ ತೊಳೆದ ನೀರು ಸುಣ್ಣದ ನೀರಿನಷ್ಟು ಕ್ಷಾರ. ಸಿಡಿಮದ್ದಿನಲ್ಲಿ ಉಳಿದ ನೈಟ್ರೇಟ್ ಹಳ್ಳಕ್ಕೆ ಸೇರಿದರೆ ಪಾಚಿ ಹೆಚ್ಚುತ್ತದೆ. ಎಲೆ ಮೇಲೆ ಕೂತ ಧೂಳು ಮಳೆ ಬರುವ ತನಕ ಹೋಗುವುದಿಲ್ಲ.

ಶಬ್ದ ಮತ್ತು ಅದುರುವಿಕೆಯ ಬಗ್ಗೆ ನಮ್ಮ ಕಡೆಯದೇ ಉದಾಹರಣೆ ಇದೆ. ಕೋಲಾರದ ಹನುಮನಹಳ್ಳಿಯ ಒಂದು ಗುಹೆಯಲ್ಲಿ ಎಲೆಮೂಗಿನ ಬಾವಲಿಯ ಒಂದು ಜಾತಿ ಇದೆ. ಪ್ರಪಂಚದಲ್ಲಿ ಈಗ ಅದು ಗೊತ್ತಿರುವುದು ಅಲ್ಲಿ ಮಾತ್ರ, ಇನ್ನೂರಕ್ಕಿಂತ ಕಡಿಮೆ. ಅದಕ್ಕೆ ಕುತ್ತು ತಂದದ್ದು ಸುರಂಗವಲ್ಲ, ಕಲ್ಲುಕ್ವಾರಿ. ಬಂಡೆ ಸಂದಿನಲ್ಲಿ ಮಲಗುವ ಕರಡಿಗೂ, ನಂದಿಬೆಟ್ಟ, ದೇವರಾಯನದುರ್ಗದಂಥ ಬಂಡೆಬೆಟ್ಟಗಳಲ್ಲಿ ಕಾಣುವ ಹಳದಿ ಕೊರಳಿನ ಪಿಕಳಾರ ಹಕ್ಕಿಗೂ ಇದೇ ಕಥೆ. ನನಗೆ ಒಂದು ವಿಷಯಕ್ಕೆ ಸಿಟ್ಟು ಬರುತ್ತದೆ, ಹೇಳಿಬಿಡುತ್ತೇನೆ. ಇನ್ನೂ ಬರದ ಸುರಂಗಕ್ಕೆ ನಾವು ಹೆದರುತ್ತೇವೆ. ದಿನಾ ಬೆಟ್ಟವನ್ನೇ ತಿಂದು ಜಲ್ಲಿ ಮಾಡುವ ಕ್ರಷರ್ ಪಕ್ಕದಲ್ಲಿ ಸುಮ್ನೆ ಬಸ್ಸಿಗೆ ಕಾಯುತ್ತಾ ನಿಂತಿರುತ್ತೇವೆ. ಸುರಂಗ ಬೆಟ್ಟದೊಳಗೆ ತೂತು ಮಾಡುತ್ತದೆ. ಕ್ವಾರಿ ಬೆಟ್ಟವನ್ನೇ ಇಲ್ಲದಂತೆ ಮಾಡುತ್ತದೆ.

ರಸ್ತೆಗಿಂತ ಸುರಂಗ ವಾಸಿಯೇ ಎಂದಿರಿ. ಕಾಡು ಸೀಳಿ ಹೋಗುವ ಅಗಲದ ರಸ್ತೆಗೆ ಹೋಲಿಸಿದರೆ ಹೌದು, ಎಷ್ಟೋ ಕಡೆ ವಾಸಿ. ಮೇಲೆ ಮರದ ಕೊಂಬೆಗಳು ಕೂಡಿಕೊಂಡೇ ಇರುತ್ತವೆ, ಪ್ರಾಣಿ ದಾಟುವಾಗ ಲಾರಿಗೆ ಸಿಗುವುದಿಲ್ಲ, ರಸ್ತೆಯಂಚಿನ ಲಂಟಾನ ಒಳಗೆ ನುಗ್ಗುವುದಿಲ್ಲ. ಮುಂಬೈನಲ್ಲಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಡಿಯಲ್ಲಿ ಠಾಣೆ–ಬೊರಿವಲಿ ಜೋಡಿ ಸುರಂಗಕ್ಕೆ ಒಪ್ಪಿದ್ದು ಈ ವಾದದ ಮೇಲೇ. ಆದರೆ ವಾದ ನಿಲ್ಲಬೇಕಾದರೆ ಸುರಂಗದ ಬಾಯಿ ಕಾಡಿನ ಹೊರಗಿರಬೇಕು, ನಡುವೆ ಅಡ್ಡ ಸುರಂಗ ಇರಬಾರದು, ಕಲ್ಲುಮಣ್ಣು ಕಾಡಿಗೆ ಬೀಳಬಾರದು, ನೀರು ಸೋರಬಾರದು. ನಾಲ್ಕೂ ಸೇರಿದ್ದನ್ನು ನಾನು ಕಾಗದದಲ್ಲಿ ನೋಡಿದ್ದೇ ಜಾಸ್ತಿ.

ಈಗ ನಂದಿಬೆಟ್ಟ. ತುದಿ 1,478 ಮೀಟರ್. ಸುರಂಗ ಬುಡದ ಮಟ್ಟದಲ್ಲಿ ಹೋದರೆ ನಾನೂರು ಐನೂರು ಮೀಟರ್ ಬಂಡೆ ಮೇಲಿರುತ್ತದೆ. ಕಲ್ಲು ಗಟ್ಟಿ, ಬಿರುಕು ಕಡಿಮೆ. ದಾರಿಯ ಬಹುಪಾಲು ಒಣಗಿಯೇ ಇರುತ್ತದೆ ಅಂತ ನನ್ನ ಊಹೆ. ತುದಿಯ ಅಮೃತ ಸರೋವರ, ಮಂಜು ಕುಡಿದು ಬದುಕುವ ಪಾಚಿ, ಸೀತಾಳೆ ಗಿಡಗಳಿಗೆ ನೇರ ಪೆಟ್ಟು ಬೀಳಲಿಕ್ಕಿಲ್ಲ. ಬೀಳುವುದು ಬುಡದ ಬಾವಿ, ಕಲ್ಯಾಣಿ, ಹಳ್ಳದಂಚಿನ ಮರಗಳಿಗೆ. ಬಿರುಕು ಕಡಿಮೆ ಅನ್ನುವುದು ಎರಡು ಅಲಗಿನ ಕತ್ತಿ. ಇರುವ ನಾಲ್ಕೈದು ಬಿರುಕಿನಲ್ಲೇ ಬೆಟ್ಟದ ನೀರೆಲ್ಲ ಓಡಾಡುತ್ತಿರುತ್ತದೆ. ಅದರಲ್ಲಿ ಒಂದನ್ನು ಕತ್ತರಿಸಿದರೂ ಅದಕ್ಕೆ ಅಂಟಿದ ಚಿಲುಮೆ ಹೋದ ಹಾಗೇ. ನಮ್ಮ ಮಳೆಗೆ ಅದು ಮತ್ತೆ ತುಂಬುವುದು ಯಾವ ಕಾಲಕ್ಕೋ. ಅರ್ಕಾವತಿ, ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿ ಎಲ್ಲ ಈ ಸಾಲಿನ ಬೆಟ್ಟಗಳ ಆಸುಪಾಸಿನಲ್ಲೇ ಹುಟ್ಟುತ್ತವೆ. ಇನ್ನೊಂದು ಸಾಧ್ಯತೆಯೂ ಇದೆ. ಸುತ್ತಲೂ ಸಾವಿರ, ಸಾವಿರದೈನೂರು ಅಡಿ ಬೋರ್ ಇಳಿಸಿ ಆಗಿದೆ. ಸುರಂಗ ಹೋಗಿ ನೋಡುವ ಹೊತ್ತಿಗೆ ಕೆಲವು ಬಿರುಕುಗಳು ಆಗಲೇ ಖಾಲಿ ಇರಬಹುದು.

ಸೋರಿಕೆ ತಡೆಯುವ ದಾರಿ ಇದೆ. ಸುರಂಗದ ಮುಖದಿಂದ ಇಪ್ಪತ್ತು ಮೂವತ್ತು ಮೀಟರ್ ಮುಂದಕ್ಕೆ ಸಣ್ಣ ತೂತು ಹಾಕಿ ನೋಡುತ್ತಾರೆ. ನೀರು ಸಿಕ್ಕರೆ ಸಿಡಿಸುವ ಮೊದಲೇ ಆ ಬಿರುಕಿಗೆ ಒತ್ತಡದಲ್ಲಿ ಸಿಮೆಂಟ್ ಹಾಲು ತುಂಬುತ್ತಾರೆ. ಗ್ರೌಟಿಂಗ್ ಅಂದರೆ ಇದೇ. ಸಿಡಿಸಿದ ಮೇಲೆ ಮಾಡುವುದು ಎರಡರಷ್ಟು ಕಷ್ಟ, ಹಾಲಂಡ್ಸೋಸ್ ಥರದ ಅನಾಹುತ ಆಗುವುದು ಆಗಲೇ. ನೂರು ಮೀಟರಿಗೆ ನಿಮಿಷಕ್ಕೆ ಐದು ಲೀಟರ್ ಸೋರಿದರೆ ಒಳ್ಳೆಯ ಕೆಲಸ ಅನ್ನುತ್ತಾರೆ. ಅದೂ ಕಿಲೋಮೀಟರಿಗೆ ದಿನಕ್ಕೆ 72,000 ಲೀಟರ್, ಅಂದರೆ ಹನ್ನೆರಡು ಟ್ಯಾಂಕರ್. ಮಲೆನಾಡಿಗೆ ಇದು ಲೆಕ್ಕಕ್ಕಿಲ್ಲ. ನಮ್ಮ ಬೆಟ್ಟದ ಬುಡದ ಒಂದು ಹಳ್ಳಿಗೆ ಅದು ದಿನದ ಕುಡಿಯುವ ನೀರು.

ಯಾವ ಯೋಜನೆ ಬಂದರೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಕೊರೆಯುವ ಮೊದಲು ಮೇಲಿನ ಚಿಲುಮೆಗಳ ನೀರನ್ನು ಕನಿಷ್ಠ ಒಂದು ವರ್ಷ ಅಳೆದಿದ್ದೀರಾ? ಅಳೆಯದೇ ಇದ್ದರೆ ಆಮೇಲೆ "ಮೊದಲೂ ಇಷ್ಟೇ ಇತ್ತು" ಅಂದುಬಿಡಬಹುದು. ಹಾಗೆ ಅಂದದ್ದನ್ನು ಕೇಳಿದ್ದೇನೆ, ಎದುರಿಗೆ ಕೂತ ಹಳ್ಳಿಯವರ ಹತ್ತಿರ ತೋರಿಸಲು ಒಂದು ಚೀಟಿಯೂ ಇರಲಿಲ್ಲ.

ಈ ಅಳತೆಗೆ ತಜ್ಞರು ಬೇಡ, ನಿಮ್ಮ ಒಂಬತ್ತನೇ ಕ್ಲಾಸು ಸಾಕು. ಊರ ಹತ್ತಿರದ ಚಿಲುಮೆ ಒಂದನ್ನು ಆರಿಸಿಕೊಳ್ಳಿ. ನೀರು ಬೀಳುವ ಜಾಗಕ್ಕೆ ಒಂದು ಬಿಂದಿಗೆ ಹಿಡಿಯಿರಿ, ತುಂಬಲು ಎಷ್ಟು ಸೆಕೆಂಡ್ ಅಂತ ಮೊಬೈಲಿನಲ್ಲಿ ನೋಡಿ. ಮೂರು ಸಲ ಮಾಡಿ, ನಡುವಿನದನ್ನು ಬರೆದುಕೊಳ್ಳಿ. ತಿಂಗಳಿಗೆ ಒಂದು ದಿನ ಸಾಕು, ಯುಗಾದಿ ಆಸುಪಾಸಿನ ಎರಡು ತಿಂಗಳು ಮಾತ್ರ ವಾರಕ್ಕೊಮ್ಮೆ. ಆ ದಿನದ ಮಳೆ, ಹತ್ತಿರ ಕಂಡ ಹಕ್ಕಿ, ಹೆಜ್ಜೆಗುರುತು, ದಂಡೆಯಲ್ಲಿ ಹುಟ್ಟಿದ ಅತ್ತಿ ಸಸಿ ಎಷ್ಟು ಅಂತಲೂ ಬರೆಯಲಿ. ಒಬ್ಬ ಹುಡುಗ ಹತ್ತನೇ ಕ್ಲಾಸ್ ಮುಗಿಸಿ ಹೋಗುವಾಗ ಪುಸ್ತಕ ಮುಂದಿನವರ ಕೈಗೆ ಕೊಟ್ಟು ಹೋಗಲಿ. ಬಿಂದಿಗೆ ಪ್ಲಾಸ್ಟಿಕ್ಕಿನದಾದರೂ ಪರವಾಗಿಲ್ಲ, ಪ್ರತಿ ಸಲ ಅದೇ ಬಿಂದಿಗೆ ಇರಲಿ.